ರೇಡಿಯೋದ ಮುಳ್ಳು ಏಕೆ ಸರಿಯುತ್ತದೆ?



ಭದ್ರಾ ಜಲಾಶಯದ ಮಟ್ಟ 186 ಅಡಿ ಮುಟ್ಟಿತೇ, ನಾಲೆಗೆ ನೀರು ಯಾವ ದಿನ ಬಿಡುತ್ತಾರೆ, ಎಷ್ಟು ದಿನ ಹರಿಸಿ ಎಷ್ಟು ದಿನ ನಿಲ್ಲಿಸುತ್ತಾರೆ? ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ಭತ್ತದ ಬೆಳೆಗಾರರಿಗೆ ಈ ಮಾತು ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ಮಡಿ ಹಾಕುವುದು, ನಾಟಿಗೆ ಆಳು ಗೊತ್ತುಮಾಡುವುದು, ಮೇಲುಗೊಬ್ಬರ ಕೊಡುವುದು ಎಲ್ಲವೂ ಅದರ ಮೇಲೆ ನಿಂತಿವೆ. ನಾಲೆಯ ತಲೆಯಲ್ಲಿರುವವರಿಗೆ ಸುದ್ದಿ ಒಂದು ದಿನ ತಡವಾದರೂ ನಡೆದೀತು. ಕೊನೆ ಭಾಗದವರಿಗೆ ಒಂದು ದಿನವೆಂದರೆ ಒಂದು ಸರದಿಯೇ ತಪ್ಪಿದಂತೆ.

ಇಂತಹ ಸುದ್ದಿಯನ್ನೂ ಹವಾಮಾನ ವರದಿಯನ್ನೂ ಪೇಟೆ ಧಾರಣೆಯನ್ನೂ ದಶಕಗಳ ಕಾಲ ನಮ್ಮ ಹಳ್ಳಿಗಳಿಗೆ ತಂದುಕೊಟ್ಟದ್ದು ರೇಡಿಯೋ. ಈಗ ಕೈಯಲ್ಲಿ ಮೊಬೈಲು ಇದೆ, ನಿಜ. ಆದರೂ ಹಾಲು ಕರೆಯುವಾಗ, ನೀರು ಕಟ್ಟುವಾಗ, ಕಣ ಕಾಯುವಾಗ, ಎರಡೂ ಕೈ ಕೆಲಸದಲ್ಲಿರುವಾಗ ಕಿವಿಗೆ ಮಾತು ಹೇಳುವ ಸಾಧನ ಇಂದಿಗೂ ರೇಡಿಯೋವೇ. ಅದಕ್ಕೆ ತಿಂಗಳ ಬಾಡಿಗೆ ಇಲ್ಲ, ಚಂದಾ ಇಲ್ಲ. ಎರಡು ಸೆಲ್ಲು ಹಾಕಿದರೆ ವಾರಗಟ್ಟಲೆ ನಡೆಯುತ್ತದೆ.

ಹೀಗಿರುವಾಗ ಒಂದು ದಿನ ಮುಳ್ಳು ಎಂದಿನ ಜಾಗದಲ್ಲೇ ಇದ್ದರೂ ಎಂದಿನ ಧ್ವನಿ ಬರುವುದಿಲ್ಲ. ಬರೀ ಗೊರಗೊರ ಸದ್ದು, ಇಲ್ಲವೇ ಸಿಳ್ಳೆ, ಇಲ್ಲವೇ ಗೊತ್ತಿಲ್ಲದ ಭಾಷೆಯ ಹಾಡು. ಸೆಟ್ಟು ಕೆಟ್ಟಿತೆಂದು ರಿಪೇರಿಗೆ ಒಯ್ಯುವವರೂ ಉಂಟು, ಕೇಂದ್ರವೇ ಮುಚ್ಚಿತೆಂದು ಸೆಟ್ಟನ್ನು ಅಟ್ಟಕ್ಕೆ ಹಾಕುವವರೂ ಉಂಟು. ಎಷ್ಟೋ ಸಲ ಇವೆರಡೂ ನಿಜವಾಗಿರುವುದಿಲ್ಲ. ಕೇಂದ್ರ ಅಲ್ಲೇ ಇರುತ್ತದೆ. ಅದರ ಕಂಪನಾಂಕವೋ ವೇಳೆಯೋ ಬದಲಾಗಿರುತ್ತದೆ. ಈ ಬದಲಾವಣೆಗಳು ತೆರೆಮರೆಯಲ್ಲಿ ಹೇಗೆ ನಡೆಯುತ್ತವೆ, ನಮ್ಮ ಭಾಗಕ್ಕೆ ಅವುಗಳಿಂದ ಆಗುವುದೇನು, ನಾವು ಮಾಡಬೇಕಾದ್ದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ದಾವಣಗೆರೆಯನ್ನು ಸುತ್ತಿದ ಕೇಂದ್ರಗಳು

ದಾವಣಗೆರೆ ಮತ್ತು ಹರಿಹರ ಕರ್ನಾಟಕದ ನಡುಭಾಗದಲ್ಲಿವೆ. ರೇಡಿಯೋ ಕೇಳುವವರಿಗೆ ಇದರಿಂದ ಲಾಭವೂ ಇದೆ, ತೊಡಕೂ ಇದೆ. ದಕ್ಷಿಣಕ್ಕೆ ಭದ್ರಾವತಿ, ವಾಯವ್ಯಕ್ಕೆ ಧಾರವಾಡ, ಪೂರ್ವಕ್ಕೆ ಚಿತ್ರದುರ್ಗ, ಈಶಾನ್ಯಕ್ಕೆ ಹೊಸಪೇಟೆ. ಎಲ್ಲ ದಿಕ್ಕಿನಿಂದಲೂ ಆಕಾಶವಾಣಿಯ ಅಲೆಗಳು ಇತ್ತ ಬರುತ್ತವೆ. ಆದರೆ ಯಾವುದೂ ತೀರ ಹತ್ತಿರದಲ್ಲಿಲ್ಲ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 58 ಕಿಲೋಮೀಟರ್, ಭದ್ರಾವತಿ ಸುಮಾರು 72 ಕಿಲೋಮೀಟರ್. ಹೊಸಪೇಟೆ ನೂರು ಕಿಲೋಮೀಟರ್ ದಾಟುತ್ತದೆ. ಧಾರವಾಡ ಇನ್ನೂ ದೂರ, ಸುಮಾರು 145 ಕಿಲೋಮೀಟರ್.

ಧಾರವಾಡ ಕೇಂದ್ರ 1950ರಲ್ಲಿ ಪ್ರಾರಂಭವಾಯಿತು. ಮೈಸೂರಿನಲ್ಲಿ 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಹುಟ್ಟುಹಾಕಿದ ಬಾನುಲಿ ಬೆಳೆದು, 1955ರಲ್ಲಿ ಬೆಂಗಳೂರು ಕೇಂದ್ರಕ್ಕೆ ಎಡೆಮಾಡಿಕೊಟ್ಟಿತು. ಭದ್ರಾವತಿ ಕೇಂದ್ರ 1965ರಲ್ಲಿ ಬಂದಿತು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆಯ ಗಡಿ ಬದಲಾಯಿತು, ಆದರೆ ಅಲೆಗಳಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಭದ್ರೆಯ ನೀರು ಯಾವ ದಿಕ್ಕಿನಿಂದ ಬರುತ್ತದೋ ಭದ್ರಾವತಿಯ ಧ್ವನಿಯೂ ಅದೇ ದಿಕ್ಕಿನಿಂದ ಬರುತ್ತಿತ್ತು.

ಕೇಂದ್ರ ಬೇರೆ, ಕಂಪನಾಂಕ ಬೇರೆ

ಮೊದಲು ಒಂದು ವಿಷಯವನ್ನು ಸ್ಪಷ್ಟಮಾಡಿಕೊಳ್ಳಬೇಕು. ಜಮೀನು ಬೇರೆ, ಅದರ ಸರ್ವೆ ನಂಬರು ಬೇರೆ. ಹಾಗೆಯೇ ರೇಡಿಯೋ ಕೇಂದ್ರ ಬೇರೆ, ಅದರ ಕಂಪನಾಂಕ ಬೇರೆ. ಪ್ರಸಾರಕ ಯಂತ್ರ ಒಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುವ ಅಲೆಯನ್ನು ಹೊರಡಿಸುತ್ತದೆ ಎಂಬುದೇ ಕಂಪನಾಂಕ. ಭದ್ರಾವತಿ ಕೇಂದ್ರಕ್ಕೆ ಮಧ್ಯಮ ತರಂಗದಲ್ಲಿ ಹಂಚಿಕೆಯಾದದ್ದು 675 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 6 ಲಕ್ಷ 75 ಸಾವಿರ ಕಂಪನಗಳು.

ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗಾಂತರ. ಹಿಂದೆ ಉದ್ಘೋಷಕರು ಮೀಟರನ್ನೂ ಕಿಲೋಹರ್ಟ್ಸನ್ನೂ ಜೊತೆಯಾಗಿ ಹೇಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಎರಡಕ್ಕೂ ಸುಲಭ ಲೆಕ್ಕವಿದೆ. 3 ಲಕ್ಷವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಮೀಟರು ಸಿಗುತ್ತದೆ. ಅದರಂತೆ:

ಭದ್ರಾವತಿ: 675 ಕಿಲೋಹರ್ಟ್ಸ್, 444.4 ಮೀಟರ್
ಧಾರವಾಡ: 765 ಕಿಲೋಹರ್ಟ್ಸ್, 392.2 ಮೀಟರ್
ಬೆಂಗಳೂರು: 612 ಕಿಲೋಹರ್ಟ್ಸ್, 490.2 ಮೀಟರ್
ಮಂಗಳೂರು: 1089 ಕಿಲೋಹರ್ಟ್ಸ್, 275.5 ಮೀಟರ್
ಕಲಬುರಗಿ: 1107 ಕಿಲೋಹರ್ಟ್ಸ್, 271 ಮೀಟರ್

ಈ ಐದು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು 9ರಿಂದ ಭಾಗಿಸಿ ನೋಡಿ. 675ಕ್ಕೆ 75, 765ಕ್ಕೆ 85, 612ಕ್ಕೆ 68, 1089ಕ್ಕೆ 121, 1107ಕ್ಕೆ 123. ಒಂದರಲ್ಲೂ ಶೇಷ ಉಳಿಯುವುದಿಲ್ಲ. ಇದು ಆಕಸ್ಮಿಕವಲ್ಲ. ಇದರ ಹಿಂದೆ ಇಡೀ ಜಗತ್ತಿನ ಮುಕ್ಕಾಲು ಪಾಲು ಸೇರಿ ಮಾಡಿಕೊಂಡ ಒಂದು ಒಪ್ಪಂದವಿದೆ.

1978ರ ನವೆಂಬರ್ 23

ಆಕಾಶದಲ್ಲಿ ರೇಡಿಯೋಗೆ ಸಿಗುವ ಜಾಗವೂ ಹೊಲದಂತೆಯೇ ಅಳತೆಯುಳ್ಳದ್ದು. ಅದನ್ನು ಪಟ್ಟಿ ಪಟ್ಟಿಯಾಗಿ ವಿಂಗಡಿಸಿ ಒಂದೊಂದು ಕೇಂದ್ರಕ್ಕೆ ಒಂದೊಂದು ಪಟ್ಟಿ ಕೊಡಬೇಕು. ನಡುವೆ ಬದು ಇರಬೇಕು. ಇಲ್ಲವಾದರೆ ಒಂದರ ಧ್ವನಿ ಇನ್ನೊಂದರ ಮೇಲೆ ಬೀಳುತ್ತದೆ.

ಹಿಂದೆ ಏಷ್ಯಾದ ಹೆಚ್ಚಿನ ಕಡೆ 10 ಕಿಲೋಹರ್ಟ್ಸಿಗೆ ಒಂದು ಪಟ್ಟಿಯೆಂಬ ವಾಡಿಕೆಯಿತ್ತು. ಯೂರೋಪಿನಲ್ಲಿ ಅಳತೆ ಬೇರೆಯಾಗಿತ್ತು. ಹಗಲಿನಲ್ಲಿ ಇದರಿಂದ ಹೆಚ್ಚು ತೊಂದರೆಯಿರಲಿಲ್ಲ. ರಾತ್ರಿಯ ಮಾತೇ ಬೇರೆ. ಸೂರ್ಯ ಮುಳುಗಿದ ಮೇಲೆ ಮಧ್ಯಮ ತರಂಗದ ಅಲೆಗಳು ಮೇಲಿನ ವಾಯುಮಂಡಲದ ವಿದ್ಯುತ್ ಪದರಕ್ಕೆ ತಾಗಿ ಹಿಂದಿರುಗಿ, ನೂರಾರು ಮೈಲಿ ದೂರ ಇಳಿಯುತ್ತವೆ. ಹಗಲಿನಲ್ಲಿ ಅದಕ್ಕೂ ಕೆಳಗಿನ ಇನ್ನೊಂದು ಪದರ ಅವನ್ನು ಹೀರಿಬಿಡುತ್ತದೆ. ಆದ್ದರಿಂದಲೇ ರಾತ್ರಿ ಹೊತ್ತು ಎಲ್ಲಿಯದೋ ಕೇಂದ್ರ ನಮ್ಮ ಸೆಟ್ಟಿನಲ್ಲಿ ಮಾತನಾಡುತ್ತದೆ. ಎರಡು ಕೇಂದ್ರಗಳ ಕಂಪನಾಂಕಗಳಲ್ಲಿ ಒಂದೆರಡು ಕಿಲೋಹರ್ಟ್ಸ್ ಮಾತ್ರ ವ್ಯತ್ಯಾಸವಿದ್ದರೆ ಆ ವ್ಯತ್ಯಾಸವೇ ಸಿಳ್ಳೆಯಾಗಿ ಕಿವಿ ಕೊರೆಯುತ್ತದೆ. ಅಳತೆಗೋಲು ದೇಶಕ್ಕೊಂದಾದರೆ ಈ ಸಿಳ್ಳೆ ತಪ್ಪದು.

ಇದನ್ನು ಸರಿಪಡಿಸಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಿನೀವಾದಲ್ಲಿ ಸಮ್ಮೇಳನ ಕರೆಯಿತು. ಯೂರೋಪು, ಆಫ್ರಿಕಾ, ಏಷ್ಯಾ ಮತ್ತು ಆಸ್ಟ್ರೇಲಿಯಾ ಭಾಗದ ದೇಶಗಳು 1975ರಲ್ಲಿ ಒಂದು ಯೋಜನೆಗೆ ಒಪ್ಪಿದವು. ಇನ್ನು ಮುಂದೆ ಎಲ್ಲರೂ 9 ಕಿಲೋಹರ್ಟ್ಸಿನ ಒಂದೇ ಅಳತೆಗೋಲು ಹಿಡಿಯಬೇಕು, ಎಲ್ಲ ಮಧ್ಯಮ ತರಂಗ ಕೇಂದ್ರಗಳೂ 9ರ ಗುಣಕದ ಮೇಲೆ ನಿಲ್ಲಬೇಕು ಎಂದು ತೀರ್ಮಾನವಾಯಿತು. ಅಮೆರಿಕ ಖಂಡದ ದೇಶಗಳು ಮಾತ್ರ ತಮ್ಮ 10ರ ಅಳತೆಯಲ್ಲೇ ಉಳಿದವು. ಹೊಸ ಅಳತೆಯಿಂದ ಜಾಗವೂ ಹೆಚ್ಚಿತು. 531ರಿಂದ 1602 ಕಿಲೋಹರ್ಟ್ಸಿನವರೆಗೆ 9ರ ಲೆಕ್ಕದಲ್ಲಿ 120 ಪಟ್ಟಿಗಳಾಗುತ್ತವೆ. 540ರಿಂದ 1600ರವರೆಗೆ 10ರ ಲೆಕ್ಕದಲ್ಲಾದರೆ 107 ಮಾತ್ರ.

ಈ ಯೋಜನೆ ಜಾರಿಗೆ ಬಂದದ್ದು 1978ರ ನವೆಂಬರ್ 23ರಂದು. ಗ್ರೀನಿಚ್ ವೇಳೆಯಂತೆ ಮಧ್ಯರಾತ್ರಿ ಕಳೆದು ಒಂದು ನಿಮಿಷ, ನಮ್ಮಲ್ಲಿ ಬೆಳಗಿನ 5 ಗಂಟೆ 31 ನಿಮಿಷ. ಮುಳ್ಳು ನಿಲ್ಲುವ ಜಾಗಕ್ಕೆ ಡಯಲ್ಲಿನ ಗಾಜಿನ ಮೇಲೆ ಸುಣ್ಣದ ಬೊಟ್ಟನ್ನೋ ಪೆನ್ಸಿಲಿನ ಗೆರೆಯನ್ನೋ ಹಾಕಿಕೊಂಡವರ ಮನೆಗಳಲ್ಲಿ ಆ ಗುರುತು ಅಂದಿನಿಂದ ಹಳತಾಯಿತು. ಕೇಂದ್ರ ಸರಿದದ್ದು ಕೆಲವೇ ಕಿಲೋಹರ್ಟ್ಸ್, ಡಯಲ್ಲಿನ ಮೇಲೆ ಕೂದಲೆಳೆಯಷ್ಟು. ಆದರೆ ಮುಳ್ಳನ್ನು ಅಷ್ಟು ಸರಿಸದಿದ್ದರೆ ಧ್ವನಿ ಗಂಟಲು ಕಟ್ಟಿದವರ ಮಾತಿನಂತೆ ಕೇಳುತ್ತದೆ.

ಒಂದು ಪಟ್ಟಿಯನ್ನು ದೂರದೂರದ ಹಲವು ಕೇಂದ್ರಗಳಿಗೆ ಹಂಚುವುದೂ ಇದೇ ಯೋಜನೆಯ ಭಾಗ. ಭದ್ರಾವತಿಯ 675ನ್ನೇ ಮಧ್ಯಪ್ರದೇಶದ ಛತ್ತರ್‌ಪುರಕ್ಕೂ ಅರುಣಾಚಲದ ಇಟಾನಗರಕ್ಕೂ ಕೊಡಲಾಯಿತು. ಹಗಲಿನಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ. ರಾತ್ರಿ ಮಾತ್ರ ಹಿಂದುಗಡೆಯಿಂದ ಹಿಂದಿ ಮಾತು ಸಣ್ಣಗೆ ಕೇಳಿಸಿದರೆ ಅದು ನಿಮ್ಮ ಸೆಟ್ಟಿನ ದೋಷವಲ್ಲ.

ಗೋಪುರದ ಬುಡದಲ್ಲಿ ನಡೆಯುವ ಕೆಲಸ

ನಾವು ಮನೆಯಲ್ಲಿ ಮುಳ್ಳು ತಿರುಗಿಸಿದಷ್ಟು ಸುಲಭವಾಗಿ ಕೇಂದ್ರದವರು ಕಂಪನಾಂಕ ಬದಲಿಸಲಾರರು. ಅದೇಕೆಂದು ತಿಳಿಯಬೇಕಾದರೆ ಪ್ರಸಾರ ಗೋಪುರದ ಬುಡಕ್ಕೆ ಹೋಗಬೇಕು.

ಮಾತು, ಹಾಡು ತಯಾರಾಗುವ ಸ್ಟುಡಿಯೋ ಒಂದು ಕಡೆ, ಪ್ರಸಾರಕ ಯಂತ್ರ ಮತ್ತು ಗೋಪುರ ಹಲವು ವೇಳೆ ಊರ ಹೊರಗೆ ಇನ್ನೊಂದು ಕಡೆ ಇರುತ್ತವೆ. ಮಧ್ಯಮ ತರಂಗದಲ್ಲಿ ಆ ಉಕ್ಕಿನ ಗೋಪುರವೇ ಅಲೆ ಹೊರಡಿಸುವ ಕಂಬ. ಅದರ ಎತ್ತರಕ್ಕೂ ತರಂಗಾಂತರಕ್ಕೂ ಲೆಕ್ಕ ಕೂಡಬೇಕು. ಸಾಮಾನ್ಯವಾಗಿ ತರಂಗಾಂತರದ ಕಾಲು ಭಾಗದಷ್ಟಾದರೂ ಎತ್ತರ ಬೇಕು. 675 ಕಿಲೋಹರ್ಟ್ಸಿಗೆ ಅದು ಸುಮಾರು 111 ಮೀಟರ್ ಆಗುತ್ತದೆ. ಗೋಪುರದ ಬುಡದಿಂದ ನಾಲ್ಕೂ ದಿಕ್ಕಿಗೆ, ಮರದ ಬೇರಿನಂತೆ, ತಾಮ್ರದ ತಂತಿಗಳನ್ನು ನೆಲದಲ್ಲಿ ಹೂತಿರುತ್ತಾರೆ. ಈ ಬೇರು ಕಡಿದರೆ ಪ್ರಸಾರದ ಬಲ ಕುಗ್ಗುತ್ತದೆ.

ಕಂಪನಾಂಕ ಬದಲಾದರೆ ಯಂತ್ರದೊಳಗಿನ ಕಂಪನ ಹುಟ್ಟಿಸುವ ಹರಳನ್ನು ಬದಲಿಸಬೇಕು. ಯಂತ್ರದ ಶಕ್ತಿ ವ್ಯರ್ಥವಾಗದೆ ಗೋಪುರಕ್ಕೆ ಏರುವಂತೆ ನಡುವಿನ ಸುರುಳಿಗಳನ್ನು ಹೊಸದಾಗಿ ಹೊಂದಿಸಬೇಕು. ಪಂಪಿಗೂ ಪೈಪಿಗೂ ಅಳತೆ ಕೂಡದಿದ್ದರೆ ಮೋಟಾರು ಸುಟ್ಟಂತೆ, ಇಲ್ಲಿ ಹೊಂದಾಣಿಕೆ ತಪ್ಪಿದರೆ ಲಕ್ಷಾಂತರ ಬೆಲೆಯ ಭಾಗಗಳು ಸುಟ್ಟುಹೋಗುತ್ತವೆ. ಇದೆಲ್ಲ ಪ್ರಸಾರ ನಿಂತ ಮೇಲೆ ರಾತ್ರಿ ಹೊತ್ತು ನಡೆಯಬೇಕಾದ ಕೆಲಸ. ಬೆಳಿಗ್ಗೆ ಶ್ರೋತೃಗಳಿಗೆ ಕೇಳಿಸುವುದು ಉದ್ಘೋಷಕರ ಒಂದು ವಾಕ್ಯ ಮಾತ್ರ.

ನೆಲ ಹಿಡಿದು ಬರುವ ಅಲೆ, ನೇರ ಬರುವ ಅಲೆ

ಈಗ ನಮಗೆ ಹೆಚ್ಚು ಸಂಬಂಧಪಟ್ಟ ವಿಷಯಕ್ಕೆ ಬರೋಣ. ಮಧ್ಯಮ ತರಂಗದ ಅಲೆ, ಅಂದರೆ ಎ.ಎಂ. ಅಲೆ, ಹಗಲಿನಲ್ಲಿ ನೆಲ ಹಿಡಿದು ಹರಿಯುತ್ತದೆ. ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಮುಂದೆ ಸಾಗುತ್ತದೆ. ತೇವ ಹಿಡಿದಿಡುವ ಎರೆ ನೆಲದ ಮೇಲೆ ಅದು ದೂರ ಹೋಗುತ್ತದೆ, ಕಲ್ಲು ನೆಲದ ಮೇಲೆ ಬೇಗ ಸೊರಗುತ್ತದೆ. ಕಂಪನಾಂಕ ಕಡಿಮೆಯಾದಷ್ಟೂ ದೂರ ಹೆಚ್ಚು. 612, 675, 765 ಇವೆಲ್ಲ ಡಯಲ್ಲಿನ ಕೆಳಗಿನ ತುದಿಯ, ಅಂದರೆ ದೂರ ಸಾಗುವ ಅಂಕಿಗಳು. ಧಾರವಾಡ, ಬೆಂಗಳೂರು ಕೇಂದ್ರಗಳಿಗೆ 200 ಕಿಲೋವಾಟಿನ ಪ್ರಸಾರಕಗಳೂ, ಭದ್ರಾವತಿಗೆ 20 ಕಿಲೋವಾಟಿನ ಪ್ರಸಾರಕವೂ ಇದ್ದುದರಿಂದ ನಡುಭಾಗದ ದಾವಣಗೆರೆಗೆ ಕನ್ನಡದ ಧ್ವನಿಯ ಕೊರತೆಯಿರಲಿಲ್ಲ.

ಎಫ್.ಎಂ. ಅಲೆಯ ಸ್ವಭಾವ ಬೇರೆ. ಅದರ ಧ್ವನಿ ಬಲು ಸ್ವಚ್ಛ. ಸಿಡಿಲು, ಮೋಟಾರುಗಳ ಗೊರಗೊರ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಅದು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತದೆ. ಭೂಮಿ ಗುಂಡಾಗಿರುವುದರಿಂದ ಒಂದು ದೂರದ ನಂತರ ಅಲೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಇದಕ್ಕೂ ಒಂದು ಲೆಕ್ಕವಿದೆ. ಗೋಪುರದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಸಮತಟ್ಟಾದ ನೆಲದ ಮೇಲೆ 100 ಮೀಟರ್ ಎತ್ತರದ ಗೋಪುರವಿದ್ದರೆ ಅದು ಸುಮಾರು 41 ಕಿಲೋಮೀಟರ್. ಮನೆಯೊಳಗೆ 2 ಮೀಟರ್ ಎತ್ತರದ ಗೂಡಿನಲ್ಲಿಟ್ಟ ಸೆಟ್ಟಿಗೆ ಇನ್ನೂ 6 ಕಿಲೋಮೀಟರ್ ಸೇರಿಸಿಕೊಳ್ಳಬಹುದು. ಅದರಾಚೆಗೂ ಧ್ವನಿ ಸಿಗುವುದುಂಟು, ಆದರೆ ಮಸುಕಾಗಿ. ಗೋಪುರ ಗುಡ್ಡದ ಮೇಲಿದ್ದರೆ ದೂರ ಹೆಚ್ಚುತ್ತದೆ, ನಡುವೆ ಗುಡ್ಡ ಬಂದರೆ ಕಡಿಮೆಯಾಗುತ್ತದೆ.

ಈ ಲೆಕ್ಕವನ್ನು ಮೊದಲು ಹೇಳಿದ 58 ಮತ್ತು 72 ಕಿಲೋಮೀಟರಿನ ಪಕ್ಕದಲ್ಲಿಟ್ಟು ನೋಡಿ. ಮಧ್ಯಮ ತರಂಗದ ಕಾಲದಲ್ಲಿ ದಾವಣಗೆರೆ–ಹರಿಹರ ಹಲವು ಕೇಂದ್ರಗಳ ನಡುಮನೆಯಾಗಿತ್ತು. ದೂರದ ಎಫ್.ಎಂ. ಗೋಪುರಗಳನ್ನೇ ನಂಬಿದರೆ ಅದೇ ಊರು ಹಲವು ಕೇಂದ್ರಗಳ ಅಂಚಾಗುತ್ತದೆ. ನಾಲೆಯ ಕೊನೆ ಭಾಗದ ಕಷ್ಟ ಬಲ್ಲವರಿಗೆ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ.

ಮಧ್ಯಮ ತರಂಗದಿಂದ ಎಫ್.ಎಂ. ಕಡೆಗೆ

ನಮ್ಮ ದೇಶದಲ್ಲಿ ಎಫ್.ಎಂ. ಪ್ರಸಾರ 1977ರಲ್ಲಿ ಮದರಾಸಿನಲ್ಲಿ ಪ್ರಾರಂಭವಾಯಿತು. 1990ರ ದಶಕದಲ್ಲಿ ಜಿಲ್ಲಾ ಮಟ್ಟದ ಚಿಕ್ಕ ಎಫ್.ಎಂ. ಕೇಂದ್ರಗಳು ಬಂದವು. ಚಿತ್ರದುರ್ಗಕ್ಕೆ 102.6, ಹೊಸಪೇಟೆಗೆ 100.5 ಮೆಗಾಹರ್ಟ್ಸ್ ಕಂಪನಾಂಕ ಸಿಕ್ಕಿತು. ಭದ್ರಾವತಿಯೂ 675ರ ಜೊತೆಗೆ 103.5 ಎಫ್.ಎಂ.ನಲ್ಲಿ ಕೇಳಿಸತೊಡಗಿತು. ಒಂದೇ ಮಾತು ಎರಡು ಕಾಲುವೆಗಳಲ್ಲಿ ಹರಿದಂತಾಯಿತು.

ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವೆಡೆ ಹಳೆಯ ಮಧ್ಯಮ ತರಂಗ ಪ್ರಸಾರಕಗಳನ್ನು ನಿಲ್ಲಿಸಿ ಕಾರ್ಯಕ್ರಮಗಳನ್ನು ಎಫ್.ಎಂ.ಗೆ ವರ್ಗಾಯಿಸಲಾಗಿದೆ. ಇದಕ್ಕೆ ಕಾರಣಗಳಿಲ್ಲದಿಲ್ಲ. ಮಧ್ಯಮ ತರಂಗದ ಪ್ರಸಾರಕಕ್ಕೆ ವಿದ್ಯುಚ್ಛಕ್ತಿ ಬಹಳ ಬೇಕು. ಗೋಪುರಕ್ಕೂ ನೆಲದಡಿಯ ತಂತಿಗೂ ಎಕರೆಗಟ್ಟಲೆ ಜಾಗ ಬೇಕು. ಹಳೆಯ ಯಂತ್ರಗಳಿಗೆ ಬಿಡಿಭಾಗ ಸಿಗುವುದು ಕಷ್ಟ. ಪೇಟೆಯಲ್ಲಿ ಎಲ್.ಇ.ಡಿ. ದೀಪ, ಚಾರ್ಜರುಗಳ ಸದ್ದಿನ ನಡುವೆ ಎ.ಎಂ. ಕೇಳುವುದೂ ಕಷ್ಟ. ಮೊಬೈಲಿನಲ್ಲಿ, ಕಾರಿನಲ್ಲಿ ಜನ ಕೇಳುವುದು ಎಫ್.ಎಂ. ಅನ್ನು.

ಮೂರನೆಯ ದಾರಿಯೊಂದಿದೆ, ಅದು ಮಧ್ಯಮ ತರಂಗದಲ್ಲೇ ಡಿಜಿಟಲ್ ಪ್ರಸಾರ. ಇದನ್ನು ಡಿ.ಆರ್.ಎಂ. ಎನ್ನುತ್ತಾರೆ. ದೇಶದ ಮೂವತ್ತಕ್ಕೂ ಹೆಚ್ಚು ಕೇಂದ್ರಗಳಲ್ಲಿ ಇದಕ್ಕೆ ತಕ್ಕ ಪ್ರಸಾರಕಗಳನ್ನು ಹಾಕಲಾಯಿತು. ಬೆಂಗಳೂರು, ಧಾರವಾಡಗಳೂ ಆ ಪಟ್ಟಿಯಲ್ಲಿವೆ. ದೂರವೂ ಸಾಗುತ್ತದೆ, ಧ್ವನಿಯೂ ಸ್ವಚ್ಛ, ಒಂದೇ ಪಟ್ಟಿಯಲ್ಲಿ ಎರಡು ಕಾರ್ಯಕ್ರಮ ಮತ್ತು ಬರೆಹದ ಸಂದೇಶವನ್ನೂ ಕಳುಹಿಸಬಹುದು. ಆದರೆ ಅದನ್ನು ಕೇಳಲು ಬೇರೆಯೇ ಸೆಟ್ಟು ಬೇಕು. ಕೆಲವು ಹೊಸ ಕಾರುಗಳಲ್ಲಿ ಅದು ಬರುತ್ತದೆ. ರೈತನ ಮನೆಯ ಗೂಡಿನಲ್ಲಿರುವ ಸೆಟ್ಟು ಡಿಜಿಟಲ್ ಅಲೆಯನ್ನು ಹಿಡಿದರೆ ಕೇಳಿಸುವುದು ಬರೀ ಭುಸುಗುಟ್ಟುವ ಸದ್ದು. ಎಷ್ಟೋ ಜನ ಇದನ್ನು ಕೇಳಿ ಕೇಂದ್ರ ಕೆಟ್ಟಿದೆ ಎಂದುಕೊಂಡದ್ದುಂಟು.

ಕಾರ್ಯಕ್ರಮದ ವೇಳೆ ಬದಲಾಗುವುದೇಕೆ?

ಕಂಪನಾಂಕ ಬದಲಾಗುವುದು ಅಪರೂಪ. ಕಾರ್ಯಕ್ರಮದ ರೂಪ ಮತ್ತು ವೇಳೆ ಬದಲಾಗುವುದು ಹೆಚ್ಚು.

ಹಳ್ಳಿಗರ ಕಾರ್ಯಕ್ರಮ ಎಂದರೆ ಹಿಂದೆ ಭಜನೆ, ಜಾನಪದ ಗೀತೆ, ಸಂವಾದ ಎಲ್ಲವೂ ಸೇರಿದ ಒಂದು ಸಂಜೆಯ ಗೋಷ್ಠಿಯಾಗಿತ್ತು. ಪುಣೆಯ ಸುತ್ತ 1956ರಲ್ಲಿ ಸುಮಾರು 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಜನ ಗುಂಪಾಗಿ ಕುಳಿತು ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತೀರ್ಮಾನವನ್ನು ಕಾರ್ಯರೂಪಕ್ಕೆ ತರುವುದು, ಸಂಶಯಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುವುದು. ಇದು ಯಶಸ್ವಿಯಾದ್ದರಿಂದ 1959ರಿಂದ ಇತರ ರಾಜ್ಯಗಳಲ್ಲೂ ರೇಡಿಯೋ ಗ್ರಾಮ ಗೋಷ್ಠಿಗಳು ಪ್ರಾರಂಭವಾದವು. ಹೊಸ ತಳಿಗಳ ಕಾಲ ಬಂದಾಗ, 1966ರಿಂದ, ಆಕಾಶವಾಣಿಯಲ್ಲಿ ಕೃಷಿ ಮತ್ತು ಗೃಹ ವಿಭಾಗಗಳನ್ನು ತೆರೆದರು. ಬೇಸಾಯ ಬಲ್ಲವರೇ ಕಾರ್ಯಕ್ರಮ ರೂಪಿಸತೊಡಗಿದರು. ತಮಿಳುನಾಡಿನ ತಂಜಾವೂರಿನಲ್ಲಿ ಎ.ಡಿ.ಟಿ. 27 ಎಂಬ ಭತ್ತದ ತಳಿ ಬಾನುಲಿಯ ಮೂಲಕ ಎಷ್ಟು ಬೇಗ ಹರಡಿತೆಂದರೆ, ರೈತರು ಅದಕ್ಕೆ ರೇಡಿಯೋ ಭತ್ತವೆಂದೇ ಹೆಸರಿಟ್ಟರು. ನಮ್ಮಲ್ಲಿಯೂ ‘ಕೃಷಿರಂಗ’, ‘ರೈತರಿಗೆ ಸಲಹೆ’ ಎಂಬ ಹೆಸರುಗಳು ಮನೆಮಾತಾದವು. 2004ರಲ್ಲಿ ‘ಕಿಸಾನ್‌ವಾಣಿ’ ಎಂಬ ಕಾರ್ಯಕ್ರಮ ಸ್ಥಳೀಯ ಕೇಂದ್ರಗಳಲ್ಲಿ ಪ್ರಾರಂಭವಾಯಿತು.

ಒಂದು ಕೇಂದ್ರದ ದಿನವೆಂಬುದು ನಿಮಿಷಗಳ ಲೆಕ್ಕದಲ್ಲಿ ಹಂಚಿದ ಗದ್ದೆ. ಯಾವ ವೇಳೆಗೆ ಯಾವ ಕಾರ್ಯಕ್ರಮವೆಂಬ ಸ್ಥಿರ ಪಟ್ಟಿಯೊಂದಿರುತ್ತದೆ. ಮೂರು ಮೂರು ತಿಂಗಳಿಗೆ ಮುಂಚಿತವಾಗಿ ವಿಷಯಗಳನ್ನು ಗೊತ್ತುಮಾಡುತ್ತಾರೆ. ದೆಹಲಿಯ ವಾರ್ತೆಗೆ, ಬೆಂಗಳೂರಿನ ಪ್ರದೇಶ ಸಮಾಚಾರಕ್ಕೆ, ಎಲ್ಲ ಕೇಂದ್ರಗಳಿಂದ ಏಕಕಾಲಕ್ಕೆ ಹೋಗುವ ಕಾರ್ಯಕ್ರಮಗಳಿಗೆ ಮೊದಲು ಜಾಗ ತೆಗೆದಿಟ್ಟು, ಉಳಿದದ್ದನ್ನು ಸ್ಥಳೀಯ ಕಾರ್ಯಕ್ರಮಗಳಿಗೆ ಹಂಚಬೇಕು. ಮೇಲಿನಿಂದ ಬರುವ ಕಾರ್ಯಕ್ರಮ ಹತ್ತು ನಿಮಿಷ ಹೆಚ್ಚಿದರೆ ಸ್ಥಳೀಯ ಕಾರ್ಯಕ್ರಮ ಹತ್ತು ನಿಮಿಷ ಸರಿಯುತ್ತದೆ, ಇಲ್ಲವೇ ಕುಗ್ಗುತ್ತದೆ. ಜಾಹೀರಾತು, ಪ್ರಾಯೋಜಕರು, ಸಿಬ್ಬಂದಿಯ ಕೊರತೆ ಇವೂ ಕಾರಣಗಳು. ಕೆಲಸಗಾರರು ಕಡಿಮೆಯಾದಾಗ ಒಂದು ಕೇಂದ್ರದ ಕಾರ್ಯಕ್ರಮವನ್ನೇ ಇನ್ನೊಂದು ಕೇಂದ್ರ ಮರುಪ್ರಸಾರ ಮಾಡುವುದು ಅಗ್ಗದ ದಾರಿಯಾಗಿ ಕಾಣುತ್ತದೆ.

ರೈತನಿಗೆ ಇದರಿಂದಾಗುವ ನಷ್ಟ ಯಾವುದು? ಮಂಡ್ಯದ ಕಬ್ಬಿಗೆ ಹೇಳಿದ ಮಾತು ಹರಿಹರದ ಭತ್ತಕ್ಕೆ ಸಲ್ಲದು. ಮಲೆನಾಡಿನ ಅಡಿಕೆಗೆ ಹೇಳಿದ ಔಷಧಿ ದಾವಣಗೆರೆಯ ಮೆಕ್ಕೆಜೋಳಕ್ಕೆ ಬೇಕಿಲ್ಲ. ಬೆಂಕಿರೋಗ ಕಾಣಿಸಿಕೊಂಡ ವಾರದಲ್ಲೇ ಅದರ ಮಾತು ಬರಬೇಕು, ಆ ಭಾಗದ ಹೆಸರು ಹಿಡಿದು ಬರಬೇಕು. ಮುಳ್ಳು ಸರಿದರೆ ಹುಡುಕಿಕೊಳ್ಳಬಹುದು. ಸ್ಥಳೀಯ ಮಾತೇ ಕಡಿಮೆಯಾದರೆ ಹುಡುಕಿಯೂ ಪ್ರಯೋಜನವಿಲ್ಲ. ಕಂಪನಾಂಕಕ್ಕಿಂತ ನಾವು ಹೆಚ್ಚು ಕಾಯಬೇಕಾದದ್ದು ಇದನ್ನು.

ಕೃಷಿ ವಿಶ್ವವಿದ್ಯಾನಿಲಯಗಳೂ ಇದನ್ನು ಮನಗಂಡಿವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ 90.4 ಮೆಗಾಹರ್ಟ್ಸಿನಲ್ಲಿ ತನ್ನದೇ ಸಮುದಾಯ ಬಾನುಲಿ ಪ್ರಾರಂಭಿಸಿತು. ಇಂತಹ ಕೇಂದ್ರದ ಅಲೆ ಕೆಲವೇ ಮೈಲಿ ಸಾಗುತ್ತದೆ. ಆದರೆ ಅದರಲ್ಲಿ ಬರುವ ಮಾತೆಲ್ಲ ಆ ಕೆಲವು ಮೈಲಿಗಳೊಳಗಿನ ಹೊಲಗಳದ್ದೇ.

ರೈತರು ಮಾಡಬೇಕಾದ್ದು

1. ಸೆಟ್ಟು ಕೊಳ್ಳುವಾಗ ಮಧ್ಯಮ ತರಂಗ ಮತ್ತು ಎಫ್.ಎಂ. ಎರಡೂ ಇರುವುದನ್ನೇ ಆರಿಸಿ. ಒಂದೇ ಪಟ್ಟಿಯ ಹಳೆಯ ಸೆಟ್ಟನ್ನು ಮಾತ್ರ ನಂಬಬೇಡಿ.

2. ಮೇಲೆ ಕೊಟ್ಟ ಅಂಕಿಗಳನ್ನು ಚೀಟಿಯಲ್ಲಿ ಬರೆದು ಸೆಟ್ಟಿನ ಹಿಂಬದಿಗೆ ಅಂಟಿಸಿ. ಧ್ವನಿ ತಪ್ಪಿದಾಗ ಮೊದಲು ಮಧ್ಯಮ ತರಂಗದಲ್ಲಿ, ಅನಂತರ ಎಫ್.ಎಂ.ನಲ್ಲಿ ತುದಿಯಿಂದ ತುದಿಗೆ ನಿಧಾನವಾಗಿ ತಿರುಗಿಸಿ ನೋಡಿ. ಸೆಟ್ಟನ್ನು ರಿಪೇರಿಗೆ ಒಯ್ಯುವುದು ಆಮೇಲೆ. ದೂರದ ಕೇಂದ್ರವನ್ನು ಊರ ಹತ್ತಿರದ ಚಿಕ್ಕ ಗೋಪುರದಿಂದ ಬೇರೆ ಕಂಪನಾಂಕದಲ್ಲಿ ಮರುಪ್ರಸಾರ ಮಾಡುವುದೂ ಉಂಟು.

3. ಮಧ್ಯಮ ತರಂಗಕ್ಕೆ ಸೆಟ್ಟಿನೊಳಗೆ ಅಡ್ಡಲಾಗಿ ಒಂದು ಕಪ್ಪು ಕಡ್ಡಿಯಿರುತ್ತದೆ. ಆ ಕಡ್ಡಿಯ ತುದಿ ಕೇಂದ್ರದ ಕಡೆಗಿದ್ದರೆ ಧ್ವನಿ ಸೊರಗುತ್ತದೆ, ಪಕ್ಕ ಕೇಂದ್ರದ ಕಡೆಗಿದ್ದರೆ ಚೆನ್ನಾಗಿ ಬರುತ್ತದೆ. ದಾವಣಗೆರೆ, ಹರಿಹರದವರು ಭದ್ರಾವತಿ ಕೇಳಬೇಕಾದರೆ ಸೆಟ್ಟಿನ ಮುಖ ದಕ್ಷಿಣಕ್ಕೋ ಉತ್ತರಕ್ಕೋ ಇರಲಿ. ಧಾರವಾಡಕ್ಕೆ ವಾಯವ್ಯಕ್ಕೆ ತಿರುಗಿಸಿ.

4. ಎಫ್.ಎಂ.ಗೆ ಮೇಲಿನ ಕಡ್ಡಿಯನ್ನು ಸುಮಾರು 75 ಸೆಂಟಿಮೀಟರಿನವರೆಗೆ ಎಳೆಯಿರಿ. ಸೆಟ್ಟನ್ನು ಎತ್ತರದಲ್ಲಿ, ಕಿಟಕಿಯ ಬಳಿ ಇಡಿ. ತಗಡಿನ ಮಾಡಿನ ಕೆಳಗೆ ಅಲೆ ಕಡಿಮೆ.

5. ಪಂಪಿನ ಸ್ಟಾರ್ಟರು, ಇನ್ವರ್ಟರು, ಎಲ್.ಇ.ಡಿ. ದೀಪ, ಮೊಬೈಲು ಚಾರ್ಜರು ಇವುಗಳಿಂದ ಸೆಟ್ಟನ್ನು ದೂರವಿಡಿ. ಟಿಕ್ ಟಿಕ್ ಎಂಬ ಸದ್ದು ಬಿಡದೆ ಬರುತ್ತಿದ್ದರೆ ಹೊಲದ ಸೋಲಾರ್ ಬೇಲಿಯ ಯಂತ್ರವನ್ನು ಒಮ್ಮೆ ನಿಲ್ಲಿಸಿ ಪರೀಕ್ಷಿಸಿ.

6. ಹೊರಗಡೆ ತಂತಿ ಕಟ್ಟುವುದಾದರೆ ವಿದ್ಯುತ್ ತಂತಿಗಳ ಹತ್ತಿರ ಎಂದೂ ಕಟ್ಟಬೇಡಿ. ಗುಡುಗು ಮಿಂಚು ಇರುವಾಗ ಆ ತಂತಿಯನ್ನು ಮುಟ್ಟಬೇಡಿ.

7. ಮೊಬೈಲಿನಲ್ಲಿ ಇಂಟರ್ನೆಟ್ಟಿನ ಮೂಲಕವೂ ಆಕಾಶವಾಣಿ ಕೇಂದ್ರಗಳನ್ನು ಕೇಳಬಹುದು. ಇದು ಉಪಯುಕ್ತ. ಆದರೆ ಮಳೆಗಾಳಿಗೆ ಕರೆಂಟು ಹೋಗಿ ಮೊಬೈಲ್ ಗೋಪುರ ನಿಂತ ದಿನವೇ ಹವಾಮಾನದ ಮಾತು ಹೆಚ್ಚು ಬೇಕಾಗುವುದು. ಆದ್ದರಿಂದ ಸೆಲ್ಲಿನ ಸೆಟ್ಟೊಂದು ಮನೆಯಲ್ಲಿರಲಿ.

ಒಂದು ಕಾರ್ಡಿನ ಬೆಲೆ

ಯಾವ ಕಾರ್ಯಕ್ರಮ ಉಳಿಯಬೇಕು, ಯಾವುದು ಸರಿಯಬೇಕು ಎಂದು ತೀರ್ಮಾನಿಸುವವರ ಮುಂದೆ ಯಂತ್ರದ ಖರ್ಚಿನ ಲೆಕ್ಕ ಸದಾ ಇರುತ್ತದೆ. ವಿದ್ಯುತ್ ಬಿಲ್ಲು ತಿಂಗಳಿಗೊಮ್ಮೆ ತಾನಾಗಿ ಬರುತ್ತದೆ. ಕೇಳುವವರ ಲೆಕ್ಕ ಮಾತ್ರ ತಾನಾಗಿ ಬರುವುದಿಲ್ಲ. ಹೊಲದಲ್ಲಿ ನಿಂತು ಕೇಳಿ, ಉಪಯೋಗ ಪಡೆದು, ಸುಮ್ಮನಿದ್ದುಬಿಟ್ಟ ರೈತ ಆ ಲೆಕ್ಕದಲ್ಲಿ ಇಲ್ಲ. ನಾಟಿಗೆ ಮುಂಚೆ ಕೇಳಿದ ಬೀಜೋಪಚಾರದ ಮಾತಿನಿಂದ ಅವನ ಸಸಿ ಉಳಿದಿರಬಹುದು, ಆದರೆ ಅದು ಕೇಂದ್ರಕ್ಕೆ ಗೊತ್ತಾಗುವುದು ಹೇಗೆ?

ಆದ್ದರಿಂದ ಕೇಳಿದ ಮೇಲೆ ಬರೆಯಿರಿ. ಬರೆಯುವಾಗ ಈ ನಾಲ್ಕು ವಿಷಯ ಇರಲಿ. ನಿಮ್ಮ ಊರು ಮತ್ತು ತಾಲ್ಲೂಕು, ಯಾವ ಕಂಪನಾಂಕದಲ್ಲಿ ಎಷ್ಟು ಗಂಟೆಗೆ ಕೇಳಿದಿರಿ, ಧ್ವನಿ ಹೇಗಿತ್ತು, ಕೇಳಿದ ಮಾತಿನಿಂದ ಏನು ಮಾಡಿದಿರಿ. ಧ್ವನಿ ಮಸುಕಾಗಿದ್ದರೆ ಹಗಲೋ ರಾತ್ರಿಯೋ ಎಂದು ತಿಳಿಸಿ. ಇಂಜಿನಿಯರುಗಳಿಗೆ ಇದು ಬಲು ಉಪಯುಕ್ತ. ಕಾರ್ಯಕ್ರಮದ ವೇಳೆ ನಿಮಗೆ ಒಗ್ಗದಿದ್ದರೆ ಒಗ್ಗುವ ವೇಳೆ ಯಾವುದೆಂದು ಬರೆಯಿರಿ. ಕೇಂದ್ರಗಳಿಗೆ ಗ್ರಾಮೀಣ ಕಾರ್ಯಕ್ರಮಗಳ ಸಲಹಾ ಸಮಿತಿಗಳುಂಟು, ಶ್ರೋತೃ ಸಂಶೋಧನಾ ವಿಭಾಗವುಂಟು. ಅವರ ಕೈಗೆ ಹತ್ತು ಹಳ್ಳಿಗಳ ಹತ್ತು ಕಾಗದಗಳು ಸೇರಿದರೆ ಅದೊಂದು ಸಾಕ್ಷಿಯಾಗುತ್ತದೆ. ನಿಮ್ಮ ಸಹಕಾರ ಸಂಘ, ಹಾಲಿನ ಸಂಘ, ಸ್ತ್ರೀಶಕ್ತಿ ಗುಂಪುಗಳ ಮೂಲಕ ಒಟ್ಟಾಗಿ ಬರೆದರೆ ಇನ್ನೂ ಒಳ್ಳೆಯದು.

ನಾಲೆಗೆ ನೀರು ಬಿಟ್ಟಾಗ ತೂಬಿನ ಬಳಿ ನಿಂತು ಕೇಳುವವನ ಗದ್ದೆಗೆ ನೀರು ಬರುತ್ತದೆ. ಮನೆಯಲ್ಲಿ ಕುಳಿತವನ ಗದ್ದೆಯನ್ನು ದಾಟಿ ಮುಂದೆ ಹೋಗುತ್ತದೆ. ಬಾನುಲಿಯ ವಿಷಯದಲ್ಲೂ ಹಾಗೆಯೇ. ಇಂದು ಸಂಜೆ ಮುಳ್ಳನ್ನು ಒಮ್ಮೆ ತುದಿಯಿಂದ ತುದಿಗೆ ತಿರುಗಿಸಿ, ನಿಮ್ಮ ಊರಿಗೆ ಯಾವ ಕೇಂದ್ರ ಎಲ್ಲಿ ಸಿಗುತ್ತದೆಂದು ಗುರುತು ಹಾಕಿಕೊಳ್ಳಿ. ನಾಳೆ ಬೆಳಿಗ್ಗೆ ಆ ಕೇಂದ್ರಕ್ಕೆ ಒಂದು ಕಾರ್ಡು ಹಾಕಿ.